ಇಂಗ್ಲೆಂಡಿನ ಹಳ್ಳಿಯ ಪ್ರದರ್ಶನದಲ್ಲಿ ನಮ್ಮ ಕಸೂತಿ, ನಮ್ಮ ಹಿತ್ತಲ ಬೆಳೆ: ಸ್ಪರ್ಧಿಯ ಕಣ್ಣಿನ ವಿಮರ್ಶೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ಯಾವುದಾದರೊಂದು ಶನಿವಾರ ನಡೆಯುವ ವಾರ್ಷಿಕ ಪ್ರದರ್ಶನವನ್ನು ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ನೋಡಿರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಚಹಾ ಕುಡಿದು, ಒಂದು ತುಂಡು ಕೇಕ್ ತಿಂದು, ಮೇಜಿನ ಮೇಲೆ ಅಳತೆ ಹಿಡಿದಂತೆ ಸಾಲಾಗಿ ಮಲಗಿಸಿದ ಬೀನ್ಸ್ ಕಂಡು ನಕ್ಕು ಬಂದಿರುತ್ತಾರೆ. ಅದೇ ಮೇಜಿನ ಮೇಲೆ ತಮ್ಮದೂ ಒಂದು ತಟ್ಟೆ ಇಡಬಹುದೆಂಬುದು ಮಾತ್ರ ಬಹಳ ಜನಕ್ಕೆ ಹೊಳೆದಿರುವುದಿಲ್ಲ. ಬಕಿಂಗ್‌ಹ್ಯಾಮ್‌ಶೈರಿನ ಒಂದು ಸಣ್ಣ ಹಳ್ಳಿಯ ಪ್ರದರ್ಶನಕ್ಕೆ ಹಿತ್ತಲಲ್ಲಿ ಬೆಳೆದ ತರಕಾರಿ, ಮನೆಯಲ್ಲಿ ಮಾಡಿದ ಚಟ್ನಿ ಮತ್ತು ಉಪ್ಪಿನಕಾಯಿ, ಕೈಯಿಂದ ಹೊಲಿದ ಕಸೂತಿ ಇವನ್ನೆಲ್ಲ ಸ್ಪರ್ಧೆಗೆ ಒಪ್ಪಿಸಿದ ಅನುಭವದ ಮೇಲೆ, ಕೊಟ್ಟ ಹಣಕ್ಕೂ ಅದಕ್ಕಿಂತ ಮಿಗಿಲಾಗಿ ಕೊಟ್ಟ ಶ್ರಮಕ್ಕೂ ಅಲ್ಲಿ ಏನು ದಕ್ಕುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ರುಚಿ, ಅಂದ, ಹೊಸತನ ಇವುಗಳಿಗಿಂತ ನಿಯಮಪಾಲನೆಗೆ ಹೆಚ್ಚು ಬೆಲೆ ಕೊಡುವ ಸ್ಪರ್ಧೆ ಇದು. ಆ ಮಾತನ್ನು ಒಪ್ಪಿಕೊಂಡು ಹೋಗುವವರಿಗೆ ಕೆಲವೇ ಪೆನ್ಸ್ ಖರ್ಚಿನಲ್ಲಿ ಇಷ್ಟು ಕಟ್ಟುನಿಟ್ಟಾದ, ಇಷ್ಟು ಪ್ರಾಮಾಣಿಕವಾದ ಪರೀಕ್ಷೆ ಬೇರೆಲ್ಲೂ ಸಿಗಲಾರದು.

ಎಲ್ಲವೂ ಶೆಡ್ಯೂಲ್ ಎಂಬ ಕಿರುಪುಸ್ತಿಕೆಯಿಂದ ಶುರುವಾಗುತ್ತದೆ. ವಸಂತದ ಹೊತ್ತಿಗೆ ಹಳ್ಳಿಯ ಅಂಚೆ ಕಚೇರಿಯಲ್ಲೋ ಗ್ರಂಥಾಲಯದಲ್ಲೋ ಸಿಗುವ ಈ ಪುಸ್ತಿಕೆಯಲ್ಲಿ ತರಕಾರಿ, ಹಣ್ಣು, ಹೂವು, ಪುಷ್ಪವಿನ್ಯಾಸ, ಅಡುಗೆ, ಕರಕುಶಲ, ಛಾಯಾಚಿತ್ರ, ಮಕ್ಕಳ ವಿಭಾಗ ಎಂದು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಹತ್ತಾರು ಸ್ಪರ್ಧೆಗಳನ್ನು ಪಟ್ಟಿ ಮಾಡಿರುತ್ತಾರೆ. ಒಂದೊಂದು ಸಾಲೂ ಒಂದೊಂದು ಆಜ್ಞೆ. ‘ಈರುಳ್ಳಿ, 3, ಪ್ರತಿಯೊಂದೂ 250 ಗ್ರಾಂ ಮೀರಬಾರದು’ ಎಂದಿದ್ದರೆ ನಾಲ್ಕು ಇಡುವಂತಿಲ್ಲ, ತಕ್ಕಡಿಯಲ್ಲಿ 260 ಗ್ರಾಂ ತೂಗುವಂತಿಲ್ಲ. ಚೆರ್ರಿ ಟೊಮೆಟೊ 35 ಮಿಲಿಮೀಟರ್ ದಾಟಬಾರದು, ಉಪ್ಪಿನಕಾಯಿಗೆ ಬಳಸುವ ಶ್ಯಾಲಟ್ ಎಂಬ ಸಣ್ಣ ಈರುಳ್ಳಿ 30 ಮಿಲಿಮೀಟರ್ ದಾಟಬಾರದು. ಇದನ್ನು ಪರೀಕ್ಷಿಸಲು ತೀರ್ಪುಗಾರರು ತೂತು ಕೊರೆದ ಅಳತೆಪಟ್ಟಿಗಳನ್ನೇ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. ಎಣಿಕೆಯಲ್ಲಿ ಒಂದು ಹೆಚ್ಚಾದರೂ ಕಡಿಮೆಯಾದರೂ ತಟ್ಟೆಯ ಪಕ್ಕದಲ್ಲಿ ‘ಎನ್‌ಎಎಸ್’ ಎಂಬ ಮೂರಕ್ಷರದ ಚೀಟಿ ಬೀಳುತ್ತದೆ. ಶೆಡ್ಯೂಲಿಗೆ ಅನುಗುಣವಾಗಿಲ್ಲ ಎಂದು ಅದರ ಅರ್ಥ, ಆ ತಟ್ಟೆಯ ಗುಣದ ಕಡೆಗೆ ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಮೇಲ್ನೋಟಕ್ಕೆ ಇದು ನಿರ್ದಯವೆನಿಸಿದರೂ ಇದರಲ್ಲೊಂದು ನ್ಯಾಯವಿದೆ: ಅರ್ಧ ಶತಮಾನದಿಂದ ಬಹುಮಾನ ಗೆಲ್ಲುತ್ತ ಬಂದ ಹಳ್ಳಿಯ ಹಿರಿಯರಿಗೂ ಹೋದ ವರ್ಷ ಮನೆ ಕೊಂಡು ಬಂದ ನಮಗೂ ಆ ಪುಸ್ತಿಕೆ ಒಂದೇ. ಯಾರ ಪರಿಚಯವೂ ಬೇಡ, ಓದಿ ಅರ್ಥ ಮಾಡಿಕೊಂಡರೆ ಸಾಕು.

ಶುಲ್ಕದ ವಿಷಯ ಹೇಳಲು ಹೆಚ್ಚೇನಿಲ್ಲ. ನಾನು ಭಾಗವಹಿಸಿದ ಪ್ರದರ್ಶನದಲ್ಲಿ ಒಂದು ಸ್ಪರ್ಧೆಯ ಪ್ರವೇಶಕ್ಕೆ 30 ಪೆನ್ಸ್, ಮಕ್ಕಳಿಗೆ ಪುಕ್ಕಟೆ. ಗೆದ್ದರೆ ಸಿಗುವ ಹಣದಲ್ಲಿ ಒಂದು ಲೋಟ ಕಾಫಿಯೂ ಬರುವುದಿಲ್ಲ. ಹಣದ ಆಸೆಗೆ ಇಲ್ಲಿಗೆ ಯಾರೂ ಬರುವುದಿಲ್ಲವಾದ್ದರಿಂದ ಇದನ್ನು ಕೊರತೆಯ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ.

ತರಕಾರಿ ವಿಭಾಗದಿಂದ ಆರಂಭಿಸುತ್ತೇನೆ, ಏಕೆಂದರೆ ನಮ್ಮವರಿಗೆ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಅದೇ. ಇಲ್ಲಿ ತೀರ್ಪುಗಾರರು ತರಕಾರಿಯನ್ನು ತಿಂದು ನೋಡುವುದಿಲ್ಲ. ಎಳೆತನ, ರೋಗರಹಿತ ಮೈ, ತಾಜಾತನ, ಎಲ್ಲಕ್ಕಿಂತ ಮುಖ್ಯವಾಗಿ ತಟ್ಟೆಯಲ್ಲಿರುವ ಅಷ್ಟೂ ಕಾಯಿಗಳ ಸಮಾನತೆ, ಇವೇ ಅಳತೆಗೋಲು. ಒಂದು ದೈತ್ಯ ಟೊಮೆಟೊ ಮತ್ತು ನಾಲ್ಕು ಸಾಧಾರಣ ಟೊಮೆಟೊ ಇಟ್ಟವರು ಐದೂ ಸಾಧಾರಣವಾದ, ಆದರೆ ಒಂದೇ ಅಚ್ಚಿನಲ್ಲಿ ಬಂದಂತಿರುವ ತಟ್ಟೆಯ ಮುಂದೆ ಸೋಲುತ್ತಾರೆ. ಟೊಮೆಟೊಗೆ ಹಸಿರು ತೊಟ್ಟು ಇರಲೇಬೇಕು, ಅದು ಬಾಡಿರಬಾರದು. ಬಟಾಣಿ ಕಾಯಿಯನ್ನು ತೊಟ್ಟು ಹಿಡಿದೇ ಗಿಡದಿಂದ ಕೀಳಬೇಕು, ಏಕೆಂದರೆ ಕಾಯಿಯ ಮೇಲಿನ ಬೂದಿಬಣ್ಣದ ಮೇಣದಂತಹ ಪದರದ ಮೇಲೆ ಬೆರಳಿನ ಗುರುತು ಬಿದ್ದರೂ ಅಂಕ ಹೋಗುತ್ತದೆ. ಪ್ಲಮ್ ಹಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ. ಸೇಬನ್ನು ಬಟ್ಟೆಯಿಂದ ಉಜ್ಜಿ ಹೊಳಪು ಮಾಡುವುದು ಅಪರಾಧಕ್ಕೆ ಸಮ. ಆಲೂಗಡ್ಡೆಯನ್ನು ಬ್ರಷ್ ಹಾಕಿ ತಿಕ್ಕದೆ ಮೆತ್ತನೆಯ ಸ್ಪಂಜಿನಿಂದ ತೊಳೆದು, ಬೆಳಕಿಗೆ ಹಸಿರಾಗದಂತೆ ತೀರ್ಪಿನ ಗಳಿಗೆಯವರೆಗೆ ಬಟ್ಟೆ ಮುಚ್ಚಿಡುತ್ತಾರೆ. ಈರುಳ್ಳಿಯ ಕುತ್ತಿಗೆಯನ್ನು ಮಡಿಸಿ ಬಣ್ಣ ಹಾಕದ ರಾಫಿಯಾ ನಾರಿನಿಂದ ಸುತ್ತಿ ಕಟ್ಟಬೇಕು, ಸಡಿಲ ಸಿಪ್ಪೆ ತೆಗೆಯಬಹುದು, ಆದರೆ ಬಿಳಿ ಮೈ ಕಾಣುವಷ್ಟು ಸುಲಿಯುವಂತಿಲ್ಲ. ರನ್ನರ್ ಬೀನ್ಸ್ ನೇರವಾಗಿರಬೇಕೆಂದು ಹಿಂದಿನ ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಹಲಗೆಯ ಮೇಲೆ ಮಲಗಿಸುವವರಿದ್ದಾರೆ. ತೀರ್ಪುಗಾರರು ಒಂದನ್ನು ಎತ್ತಿ ಪಟ್ಟನೆ ಮುರಿಯುತ್ತಾರೆ, ನಾರು ಎಳೆದುಕೊಂಡು ಬಂದರೆ ಹಲಗೆಯ ಶ್ರಮವೆಲ್ಲ ನೀರುಪಾಲು.

ಈ ನಿಯಮಗಳು ಆ ಹಳ್ಳಿಯವರು ತಮಗೆ ತೋಚಿದಂತೆ ಮಾಡಿಕೊಂಡವಲ್ಲ. 1804ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ಸಂಸ್ಥೆ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಪ್ರಕಟಿಸುವ ಪ್ರದರ್ಶನ ಕೈಪಿಡಿಯನ್ನು ಹೆಚ್ಚಿನ ಹಳ್ಳಿಗಳು ಆಧಾರವಾಗಿ ಇಟ್ಟುಕೊಂಡಿವೆ. ಪ್ರತಿಯೊಂದು ತರಕಾರಿಗೂ ಗರಿಷ್ಠ ಅಂಕವನ್ನು ಅದರಲ್ಲಿ ನಿಗದಿ ಮಾಡಲಾಗಿದ್ದು, ಬೆಳೆಯುವುದು ಎಷ್ಟು ಕಷ್ಟವೋ ಅಂಕವೂ ಅಷ್ಟು ಹೆಚ್ಚು: ಬಟಾಣಿಗೂ ಆಲೂಗಡ್ಡೆಗೂ 20, ಗುಂಡು ಬೀಟ್‌ರೂಟಿಗೆ 15, ಸೌತೆಯನ್ನು ಹೋಲುವ ಕೂರ್ಜೆಟ್‌ಗೆ 12. ಬೇರೆ ಬೇರೆ ಜಾತಿಯ ತರಕಾರಿಗಳು ಒಂದೇ ಸ್ಪರ್ಧೆಯಲ್ಲಿ ಎದುರಾದಾಗ ಈ ವ್ಯತ್ಯಾಸದ ಬಿಸಿ ತಟ್ಟುತ್ತದೆ. ದೋಷವೇ ಇಲ್ಲದ ಕೂರ್ಜೆಟ್ ಕೂಡ ಸಾಕಷ್ಟು ಚೆನ್ನಾಗಿರುವ ಬಟಾಣಿಯ ಮುಂದೆ ನಿಲ್ಲಲಾರದು. ನಮ್ಮವರು ಇಲ್ಲಿನ ಗಾಜುಮನೆಯಲ್ಲೋ ಪ್ಲಾಸ್ಟಿಕ್ ಹೊದಿಸಿದ ಪಾಲಿಟನೆಲ್‌ನಲ್ಲೋ ಕಷ್ಟಪಟ್ಟು ಬೆಳೆಯುವ ಹಾಗಲ, ಬದನೆ, ಬೆಂಡೆಗಳಿಗೆ ಪ್ರತ್ಯೇಕ ಸ್ಪರ್ಧೆ ಇರದಿದ್ದರೆ ‘ಇತರ ಯಾವುದೇ ತರಕಾರಿ’ ಎಂಬ ಸಾಲಿನಲ್ಲೇ ಅವನ್ನು ಇಡಬೇಕಾಗುತ್ತದೆ. ಅಲ್ಲಿ ಎಲ್ಲವೂ ತೀರ್ಪುಗಾರರ ಅನುಭವದ ಮೇಲೆ ನಿಂತಿದೆ. ಹಾಗಲಕಾಯಿಯ ಗಂಟುಮೈ ಅದರ ಗುಣವೋ ರೋಗವೋ ಎಂಬ ಸಂಶಯ ಅವರ ಮುಖದ ಮೇಲೆ ಮೂಡಿದರೆ ಕೋಪಿಸಿಕೊಂಡು ಪ್ರಯೋಜನವಿಲ್ಲ, ಆದರೆ ಈ ವಿಭಾಗದ ನಿಜವಾದ ದೌರ್ಬಲ್ಯ ಅದೇ ಎಂಬುದನ್ನು ಬರೆಯದೆ ಬಿಡಲಾರೆ. ಹಸಿಮೆಣಸಿನಕಾಯಿಗೆ ಮಾತ್ರ ಈಗ ಅನೇಕ ಹಳ್ಳಿಗಳಲ್ಲಿ ಸ್ವಂತ ಸ್ಪರ್ಧೆಯಿದೆ. ಕಿಟಕಿಯ ಅಂಚಿನ ಕುಂಡದಲ್ಲೂ ಬೆಳೆಯುವ ಬೆಳೆಯಾದ್ದರಿಂದ ಹಿತ್ತಲಿಲ್ಲದವರು ಅಲ್ಲಿಂದ ಆರಂಭಿಸುವುದು ಒಳ್ಳೆಯದು.

ಅಡುಗೆ ವಿಭಾಗದ ಹವೆಯೇ ಬೇರೆ. ಇಲ್ಲಿ ನಾಲಿಗೆಗೂ ಕೆಲಸವಿದೆ, ಆದರೆ ಅದರ ಸರದಿ ಕೊನೆಯಲ್ಲಿ ಬರುತ್ತದೆ. ಈ ಮೇಜಿನ ಕಟ್ಟಳೆಗಳನ್ನು ರೂಪಿಸಿದವರು ಬಹುಮಟ್ಟಿಗೆ ವಿಮೆನ್ಸ್ ಇನ್‌ಸ್ಟಿಟ್ಯೂಟಿನ ಮಹಿಳೆಯರು. ಕೆನಡಾದಲ್ಲಿ 1897ರಲ್ಲಿ ಹುಟ್ಟಿ 1915ರಲ್ಲಿ ವೇಲ್ಸಿನ ಆಂಗ್ಲಸೀ ದ್ವೀಪದ ಮೂಲಕ ಬ್ರಿಟನ್ನಿಗೆ ಬಂದ ಈ ಸಂಸ್ಥೆ ತನ್ನದೇ ತರಬೇತಿ ಪಡೆದ ತೀರ್ಪುಗಾರರನ್ನು ಹಳ್ಳಿಹಳ್ಳಿಗೆ ಒದಗಿಸುತ್ತದೆ. ವಿಕ್ಟೋರಿಯಾ ಸ್ಯಾಂಡ್‌ವಿಚ್ ಕೇಕಿನ ಕಟ್ಟಳೆಯನ್ನೇ ನೋಡಿ: ಮೊಟ್ಟೆಗಳನ್ನು ಚಿಪ್ಪಿನ ಸಮೇತ ತೂಗಿ ಅಷ್ಟೇ ತೂಕದ ಬೆಣ್ಣೆ, ಸಕ್ಕರೆ, ಹಿಟ್ಟು ಹಾಕಬೇಕು, ಎರಡು ಪದರಗಳ ನಡುವೆ ರಾಸ್ಪ್‌ಬೆರಿ ಜ್ಯಾಮ್ ಮಾತ್ರ ಇರಬೇಕು, ಕೆನೆ ಕೂಡದು, ಮೇಲೆ ಸಣ್ಣ ಹರಳಿನ ಕ್ಯಾಸ್ಟರ್ ಸಕ್ಕರೆಯನ್ನು ಚಿಮುಕಿಸಬೇಕೇ ಹೊರತು ಐಸಿಂಗ್ ಪುಡಿಯನ್ನಲ್ಲ, ಆರಲು ಇಟ್ಟ ಕಂಬಿಯ ಗುರುತು ಮೇಲ್ಮೈಯಲ್ಲಿ ಕಾಣಬಾರದು. ಇಷ್ಟೂ ಆದ ಮೇಲೆ ಚಾಕು ಹಾಕಿ ಒಂದು ತುಣುಕು ಬಾಯಿಗೆ ಹೋಗುತ್ತದೆ. ಕೆಲವು ಹಳ್ಳಿಗಳಲ್ಲಿ ‘ಗಂಡಸರಿಗೆ ಮಾತ್ರ’ ಎಂಬ ಕೇಕ್ ಸ್ಪರ್ಧೆ ಇಂದಿಗೂ ಉಳಿದಿದೆ. ತಮಾಷೆಗಾಗಿ ಇಟ್ಟಿದ್ದಿರಬಹುದು, ಆದರೆ ಗಂಡಸರಿಗೆ ರಿಯಾಯಿತಿಯ ಮೇಜೊಂದು ಬೇಕೆಂಬ ಆ ತಮಾಷೆ ಹಳಸಿದೆ ಎಂದೇ ನನಗನಿಸುತ್ತದೆ. ಮೊಟ್ಟೆಯ ಸ್ಪರ್ಧೆ ಮಾತ್ರ ನನ್ನನ್ನು ನಿಜವಾಗಿ ಬೆರಗುಗೊಳಿಸಿತು. ಬಣ್ಣ, ಗಾತ್ರ, ಆಕಾರ ಒಂದೇ ಆಗಿರುವ ಮೊಟ್ಟೆಗಳನ್ನು ತಟ್ಟೆಯಲ್ಲಿಟ್ಟರೆ ತೀರ್ಪುಗಾರರು ಒಂದನ್ನು ಒಡೆದು, ಹಳದಿ ಎಷ್ಟು ಉಬ್ಬಿ ನಿಂತಿದೆ, ಬಿಳಿಯ ಭಾಗ ಎಷ್ಟು ಗಟ್ಟಿಯಾಗಿ ಅದನ್ನು ಹಿಡಿದುಕೊಂಡಿದೆ ಎಂದು ನೋಡಿ ತಾಜಾತನವನ್ನು ಅಳೆಯುತ್ತಾರೆ.

ಜಾಡಿಗಳ ಸಾಲಿಗೆ ಬಂದರೆ ನಮಗೆ ಅವಕಾಶ ಹೆಚ್ಚು, ತೊಡಕೂ ಹೆಚ್ಚು. ಜಾಡಿಯ ಮೇಲಾಗಲಿ ಮುಚ್ಚಳದ ಮೇಲಾಗಲಿ ಅಂಗಡಿಯ ಯಾವ ಹೆಸರೂ ಇರಬಾರದು. ಕತ್ತಿನವರೆಗೆ ತುಂಬಿರಬೇಕು, ಒಳಗೆ ಗಾಳಿಗುಳ್ಳೆ ಕಾಣಬಾರದು, ಚೀಟಿಯ ಮೇಲೆ ಪದಾರ್ಥದ ಹೆಸರೂ ತಯಾರಿಸಿದ ದಿನಾಂಕವೂ ಇರಬೇಕು. ಜ್ಯಾಮಿಗೆ ಮೇಣ ಸವರಿದ ಕಾಗದದ ಬಿಲ್ಲೆ ಹಾಕಿ ಸೆಲೋಫೇನ್ ಕಟ್ಟಬಹುದು, ಇಲ್ಲವೇ ಹೊಸ ತಿರುಚು ಮುಚ್ಚಳ ಹಾಕಬಹುದು, ಬಿಲ್ಲೆಯ ಮೇಲೆ ತಿರುಚು ಮುಚ್ಚಳ ಹಾಕಿದರೆ ಅಂಕ ಕಳೆಯುತ್ತಾರೆ. ಚಟ್ನಿಯ ಸ್ಪರ್ಧೆಗೆ ನಮ್ಮ ಕಾಯಿ ಚಟ್ನಿಯನ್ನೋ ಹುರಿಗಡಲೆ ಚಟ್ನಿಯನ್ನೋ ಒಯ್ಯುವಂತಿಲ್ಲ. ಹಣ್ಣು ಅಥವಾ ತರಕಾರಿಯನ್ನು ವಿನೆಗರ್ ಮತ್ತು ಸಕ್ಕರೆಯಲ್ಲಿ ನಿಧಾನವಾಗಿ ಬೇಯಿಸಿ, ಎರಡು ಮೂರು ತಿಂಗಳಾದರೂ ಮಾಗಿಸಿ, ವಿನೆಗರ್ ತಿನ್ನದ ಮುಚ್ಚಳ ಹಾಕಿ ತರಬೇಕು. ಆಗಸ್ಟಿನ ಪ್ರದರ್ಶನಕ್ಕೆ ಮೇ ತಿಂಗಳೊಳಗೆ ಒಲೆ ಹಚ್ಚಿರಬೇಕೆಂದು ಇದರ ಅರ್ಥ. ನಾನು ಒಯ್ದ ರೂಬಾರ್ಬ್ (ಇಲ್ಲಿ ಹಣ್ಣಿನಂತೆ ಬಳಸುವ ಹುಳಿ ದಂಟು) ಚಟ್ನಿಗೆ ಸಾಸಿವೆ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದೆ. ತೀರ್ಪಿನ ಚೀಟಿಯಲ್ಲಿ ‘ಬಣ್ಣ ಅತ್ಯುತ್ತಮ, ಹದ ಸರಿ, ಖಾರ ಹಣ್ಣನ್ನು ಮರೆಸುತ್ತದೆ’ ಎಂದು ಬರೆದಿತ್ತು. ಬ್ಯಾಡಗಿಯ ಖ್ಯಾತಿ ಇರುವುದೇ ಬಣ್ಣಕ್ಕೆ, ಖಾರದಲ್ಲಿ ಅದು ಸೌಮ್ಯವಾದದ್ದು. ಹೀಗಿರುವಾಗ ಗುಂಟೂರು ಮೆಣಸಿನಕಾಯಿ ಹಾಕಿದ್ದರೆ ಏನು ಬರೆಯುತ್ತಿದ್ದರೋ ಊಹಿಸಲಾರೆ. ಆದರೂ ಆ ಚೀಟಿಯ ಮೊದಲೆರಡು ಮಾತುಗಳಲ್ಲಿ, ಇದನ್ನು ಮಾಡಲು ಬಲ್ಲ ಅಪರಿಚಿತರೊಬ್ಬರು ನನ್ನ ಜಾಡಿಯನ್ನು ಗಮನವಿಟ್ಟು ನೋಡಿದ್ದಾರೆಂಬುದು ತಿಳಿಯುತ್ತಿತ್ತು. ಉಪ್ಪಿನಲ್ಲಿ ಕಳಿತ ನಿಂಬೆಕಾಯಿ ಉಪ್ಪಿನಕಾಯಿಯ ಜಾಗ ಯಾವುದೆಂದು ಪ್ರವೇಶಪತ್ರ ತುಂಬುವಾಗ ಪ್ರದರ್ಶನದ ಉಸ್ತುವಾರಿ ನೋಡಿಕೊಳ್ಳುವ ಸ್ಟೂವರ್ಡ್ ಒಬ್ಬರನ್ನು ಕೇಳಿದ್ದಕ್ಕೆ, ಅವರು ಹಳೆಯ ಶೆಡ್ಯೂಲುಗಳನ್ನೆಲ್ಲ ತಿರುವಿ ಹಾಕಿ, ವಿನೆಗರ್ ಇಲ್ಲದ ಕಾರಣ ಅದು ಚಟ್ನಿಯ ಸಾಲಿಗೂ ಪಿಕಲ್ ಸಾಲಿಗೂ ಸೇರದೆಂದು ತೀರ್ಮಾನಿಸಿ, ‘ಇತರ ಸಂರಕ್ಷಿತ ಪದಾರ್ಥ’ ಎಂಬ ಸ್ಪರ್ಧೆಯಲ್ಲಿ ಬರೆಸಿದರು. ಯಾವ ಸಂಬಳವೂ ಇಲ್ಲದ ಸ್ವಯಂಸೇವಕರು ಒಂದು ಜಾಡಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದನ್ನು ಈ ವಿಮರ್ಶೆಯಲ್ಲಿ ಅತಿ ಹೆಚ್ಚಿನ ಅಂಕಕ್ಕೆ ನಾನು ಗುರುತಿಸುತ್ತೇನೆ.

ಕರಕುಶಲ ವಿಭಾಗದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಕನ್ನಡನಾಡಿನ ಕೈಕೆಲಸಕ್ಕೂ ಇಲ್ಲಿನ ತೀರ್ಪಿನ ಕ್ರಮಕ್ಕೂ ನಾನು ನಿರೀಕ್ಷಿಸದ ಹೊಂದಾಣಿಕೆ ಅಲ್ಲಿ ಕಂಡಿತು. ಇಲ್ಲಿನ ಹೊಲಿಗೆಯ ತೀರ್ಪುಗಾರರು ಬಟ್ಟೆಯನ್ನು ಕೈಗೆತ್ತಿಕೊಂಡರೆ ಮೊದಲು ಮಾಡುವ ಕೆಲಸ ಅದನ್ನು ಮಗುಚಿ ಹಿಂಬದಿ ನೋಡುವುದು. ಗಂಟುಗಳು, ಒಂದು ಹೂವಿನಿಂದ ಇನ್ನೊಂದಕ್ಕೆ ಜಿಗಿದ ದಾರ, ಕತ್ತರಿಸದೆ ಬಿಟ್ಟ ತುದಿಗಳು ಅಲ್ಲಿ ಸಿಕ್ಕಿಬೀಳುತ್ತವೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯ ಕಸೂತಿಗೆ ಈ ಪರೀಕ್ಷೆ ಹೇಳಿ ಮಾಡಿಸಿದಂತಿದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಗೋಪುರ, ತುಳಸಿ ಕಟ್ಟೆ, ಆನೆ, ತೇರು, ತೊಟ್ಟಿಲುಗಳನ್ನು ಮೂಡಿಸುವ ಈ ಕಲೆಯಲ್ಲಿ ಗವಂತಿ ಮತ್ತು ಮುರ್ಗಿ ಹೊಲಿಗೆಗಳಿಗೆ ಗಂಟು ನಿಷಿದ್ಧ. ಹೋದ ದಾರಿಯಲ್ಲೇ ಸೂಜಿ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬುವುದರಿಂದ ಎರಡೂ ಬದಿ ಒಂದೇ ಆಗಿ ಕಾಣುತ್ತವೆ. ನೇಗಿ ಮತ್ತು ಮೆಂತಿ ಹೊಲಿಗೆಗಳಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಪ್ರದರ್ಶನಕ್ಕೆಂದೇ ಹೊಲಿಯುವವರು ಮೊದಲಿನ ಎರಡನ್ನು ಆರಿಸಿಕೊಳ್ಳುವುದು ಜಾಣತನ. ಚೌಕಟ್ಟು, ಗಾಜು ಹಾಕಿಸದೆ ಬಿಡಿ ಬಟ್ಟೆಯಾಗಿಯೇ ಇಟ್ಟರೆ ಹಿಂಬದಿಯ ಅಂಕವೂ ಕೈಗೆ ಬರುತ್ತದೆ. ನಾನು ಇಟ್ಟದ್ದು ಮೇಜಿನ ಹಾಸು, ಬಂದದ್ದು ಎರಡನೆಯ ಬಹುಮಾನದ ನೀಲಿ ಚೀಟಿ. ಮಧ್ಯಾಹ್ನ ಬಾಗಿಲು ತೆರೆದ ಮೇಲೆ ತೀರ್ಪುಗಾರರು ಅಲ್ಲೇ ಉಳಿದು ಸ್ಪರ್ಧಿಗಳ ಪ್ರಶ್ನೆಗಳಿಗೆ ಉತ್ತರಿಸುವ ಪದ್ಧತಿ ಆ ಹಳ್ಳಿಯಲ್ಲಿದೆ. ಅವರು ಆ ಹಾಸನ್ನು ಮದುವೆಯ ಜವಳಿ ಆರಿಸುವ ಅಜ್ಜಿಯಂತೆ ಬೆಳಕಿಗೆ ಹಿಡಿದು, ಎರಡೂ ಕಡೆ ತಿರುವಿ ನೋಡಿ, ಇದು ತಮ್ಮ ಹೋಲ್ಬೈನ್ ಹೊಲಿಗೆಯೇ ಅಲ್ಲವೇ ಎಂದು ಕೇಳಿದರು. ಇಂಗ್ಲೆಂಡಿನ ಟ್ಯೂಡರ್ ಅರಸರ ಕಾಲದ ಅಂಗಿಗಳ ಕಾಲರ್ ಮತ್ತು ತೋಳಂಚುಗಳಲ್ಲಿ ಕಾಣುವ, ಚಿತ್ರಕಾರ ಹಾನ್ಸ್ ಹೋಲ್ಬೈನ್ ತನ್ನ ಭಾವಚಿತ್ರಗಳಲ್ಲಿ ಎಳೆ ಎಳೆಯಾಗಿ ಬಿಡಿಸಿಟ್ಟ ಆ ಹೊಲಿಗೆಗೂ ನಮ್ಮ ಗವಂತಿಗೂ ಸೂಜಿಯ ನಡೆ ನಿಜಕ್ಕೂ ಒಂದೇ. ಕೈಪಿಡಿಯಲ್ಲಿ ಹೆಸರೇ ಇಲ್ಲದ ಕಲೆಯನ್ನೂ ಅದರ ತಂತ್ರದಿಂದ ಗುರುತಿಸಿ ತೂಗಬಲ್ಲ ತೀರ್ಪುಗಾರರು ಸಿಕ್ಕಿದರೆ ಈ ವಿಭಾಗಕ್ಕೆ ಸಾಟಿಯಿಲ್ಲ.

ಅಂಥವರು ಪ್ರತಿ ವರ್ಷ, ಪ್ರತಿ ಹಳ್ಳಿಯಲ್ಲಿ ಸಿಗುತ್ತಾರೆಂಬ ಭರವಸೆ ಇಲ್ಲದಿರುವುದೇ ತೊಂದರೆ. ಅಂಗಡಿಯಲ್ಲಿ ಕೊಂಡ ಕಿಟ್‌ನ ಮುದ್ರಿತ ನಕ್ಷೆಯ ಮೇಲೆ ಹೊಲಿದ ಕೆಲಸವನ್ನೂ, ಸ್ವಂತ ವಿನ್ಯಾಸವನ್ನು ಎಳೆ ಎಣಿಸಿ ಹೊಲಿದ ಕೆಲಸವನ್ನೂ ‘ಯಾವುದೇ ಕಸೂತಿ ವಸ್ತು’ ಎಂಬ ಒಂದೇ ಸಾಲಿನಲ್ಲಿ ಕೂರಿಸುವುದು ನನ್ನ ದೃಷ್ಟಿಯಲ್ಲಿ ಶೆಡ್ಯೂಲಿನ ದೊಡ್ಡ ದೋಷ. ಟೊಮೆಟೊದ ವ್ಯಾಸಕ್ಕೆ ಮಿಲಿಮೀಟರ್ ಲೆಕ್ಕ ಹಾಕುವ ಸಮಿತಿಗೆ ಕಿಟ್ ಮತ್ತು ಸ್ವಂತ ವಿನ್ಯಾಸವನ್ನು ಬೇರ್ಪಡಿಸುವ ಒಂದು ಸಾಲು ಬರೆಯುವುದು ಕಷ್ಟವಾಗಬಾರದು. ಹೆಣಿಗೆ, ಮರಗೆಲಸ, ಕುಂಬಾರಿಕೆ ಇವು ಪರವಾಗಿಲ್ಲ. ಹಿಂದಿನ ವರ್ಷ ಇಟ್ಟ ವಸ್ತುವನ್ನು ಮತ್ತೆ ಇಡುವಂತಿಲ್ಲವೆಂಬ ನಿಯಮದಿಂದಾಗಿ ಪ್ರತಿ ಬಾರಿಯೂ ಹೊಸ ಕೆಲಸ ನೋಡಲು ಸಿಗುತ್ತದೆ. ಕರಕುಶಲ ವಿಭಾಗದಲ್ಲಿ ಬಹುಮಾನ ಬಾರದ ವಸ್ತುಗಳಿಗೆ ಟಿಪ್ಪಣಿಯನ್ನೇ ಬರೆಯುವುದಿಲ್ಲವೆಂಬುದು ಇನ್ನೊಂದು ಅಸಮಾಧಾನ. ಅಡುಗೆಯ ಮೇಜಿನಲ್ಲಿ ಸೋತ ಕೇಕಿಗೂ ಎರಡು ಸಾಲಿನ ವಿವರಣೆ ಸಿಗುತ್ತದೆ, ತಿಂಗಳುಗಟ್ಟಲೆ ಕೂತು ಹೊಲಿದ ಬಟ್ಟೆಗೆ ಏನೂ ಇಲ್ಲ.

ಪ್ರದರ್ಶನದ ಬೆಳಗು ಸ್ಪರ್ಧಿಗೆ ಆರಾಮದ್ದಲ್ಲ. ಎಂಟರಿಂದ ಹತ್ತರೊಳಗೆ ಎಲ್ಲವನ್ನೂ ಒಯ್ದು, ತನ್ನ ಪ್ರವೇಶಚೀಟಿಯನ್ನು ಹೆಸರಿರುವ ಮುಖ ಕೆಳಗಾಗಿ ಇಟ್ಟು, ಗಂಟೆ ಬಾರಿಸಿದೊಡನೆ ಟೆಂಟಿನಿಂದ ಹೊರಬೀಳಬೇಕು. ಆಮೇಲೆ ಮಧ್ಯಾಹ್ನ ಎರಡರವರೆಗೆ ಒಳಗೆ ತೀರ್ಪುಗಾರರು ಮತ್ತು ಸ್ಟೂವರ್ಡ್‌ಗಳಿಗೆ ಮಾತ್ರ ಪ್ರವೇಶ. ಯಾರ ತಟ್ಟೆ ಯಾವುದೆಂದು ತೀರ್ಪುಗಾರರಿಗೆ ತಿಳಿಯದಂತೆ ಮಾಡಿರುವ ಈ ಏರ್ಪಾಡು ಶ್ಲಾಘನೀಯ. ಅವರನ್ನು ಬೇರೆ ಊರಿನಿಂದ ಕರೆಸುವುದರ ಕಾರಣವೂ ಅದೇ. ಆದರೆ ತರಕಾರಿ, ಜಾಡಿ, ಬಟ್ಟೆ ಮೂರನ್ನೂ ಒಯ್ಯುವವರಿಗೆ ಎರಡು ಗಂಟೆ ಸಾಲುವುದಿಲ್ಲ, ಕೊನೆಯ ಹದಿನೈದು ನಿಮಿಷದ ನೂಕುನುಗ್ಗಲಿನಲ್ಲಿ ಟೊಮೆಟೊದ ತೊಟ್ಟು ಉದುರುವುದು ಸಾಮಾನ್ಯ. ಕರಕುಶಲ ವಸ್ತುಗಳನ್ನು ಹಿಂದಿನ ಸಂಜೆಯೇ ಸ್ವೀಕರಿಸುವ ಹಳ್ಳಿಗಳಿವೆ, ಎಲ್ಲ ಸಮಿತಿಗಳೂ ಆ ಕ್ರಮವನ್ನು ಅನುಸರಿಸಿದರೆ ಒಳ್ಳೆಯದು. ಮಕ್ಕಳ ಮೇಜಿನ ಮೇಲೆ ತರಕಾರಿಯಿಂದ ಮಾಡಿದ ಪ್ರಾಣಿಗಳು, ತಟ್ಟೆಯೊಳಗಿನ ಪುಟ್ಟ ತೋಟಗಳು ಇರುತ್ತವೆ. ಅಲ್ಲಿ ಮಾತ್ರ ನಿಯಮಗಳ ಬಿಗಿ ಸಡಿಲ.

ಗಂಭೀರವಾಗಿ ಬೆಳೆಯುವವರಿಗೆ ದೊಡ್ಡ ಆಕರ್ಷಣೆ ಬ್ಯಾಂಕ್ಸಿಯನ್ ಪದಕ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಸಂಸ್ಥಾಪಕರಲ್ಲೊಬ್ಬರಾದ ಜೋಸೆಫ್ ಬ್ಯಾಂಕ್ಸ್ ಹೆಸರಿನ ಈ ಪದಕವನ್ನು ಅದರೊಂದಿಗೆ ಸಂಯೋಜಿತವಾದ ಹಳ್ಳಿಯ ಸಂಘಗಳು ತೋಟಗಾರಿಕೆಯ ಸ್ಪರ್ಧೆಗಳಲ್ಲಿ ಒಟ್ಟಾರೆ ಮುಂದಿರುವವರಿಗೆ ಕೊಡುತ್ತವೆ. ಒಮ್ಮೆ ಪಡೆದವರು ಮುಂದಿನ ಎರಡು ವರ್ಷ ಅದಕ್ಕೆ ಅರ್ಹರಲ್ಲವಾದ್ದರಿಂದ ಅದು ಒಂದೇ ಮನೆಯ ಗೋಡೆಗೆ ಅಂಟಿಕೊಳ್ಳುವುದಿಲ್ಲ. ಇನ್ನೂ ಮುಂದೆ ಹೋಗುವ ಹಂಬಲವಿದ್ದರೆ ಒಂದೇ ಬೆಳೆಗೆ ಮೀಸಲಾದ ಪ್ರದರ್ಶನಗಳಿವೆ. ಉತ್ತರ ಯಾರ್ಕ್‌ಶೈರಿನ ಎಗ್ಟನ್ ಬ್ರಿಜ್‌ನಲ್ಲಿ 1800ರಿಂದ ನಡೆದುಬಂದಿರುವ ಗೂಸ್‌ಬೆರಿ ಪ್ರದರ್ಶನದಲ್ಲಿ ಒಂದೊಂದು ಹಣ್ಣನ್ನೂ ಡ್ರಾಮ್ ಮತ್ತು ಗ್ರೇನ್ ಎಂಬ ಹಳೆಯ ಮಾನದಲ್ಲಿ ಚಿನ್ನದಂತೆ ತೂಗುತ್ತಾರೆ. ಆ ಮಟ್ಟದ ಛಲ ನನಗಿಲ್ಲ, ಹೊಸಬರಿಗೆ ಶಿಫಾರಸು ಮಾಡುವುದೂ ಇಲ್ಲ. ಜಿಲ್ಲಾ ಮಟ್ಟದ ಕೌಂಟಿ ಪ್ರದರ್ಶನಗಳೂ ಅಷ್ಟೆ: ಅಲ್ಲಿ ಶುಲ್ಕ ಹೆಚ್ಚು, ಸ್ಪರ್ಧಿಗಳು ಪಳಗಿದವರು, ತೀರ್ಪುಗಾರರ ಹತ್ತಿರ ನಿಂತು ಮಾತಾಡುವ ಅವಕಾಶ ಕಡಿಮೆ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬೆಳೆದವರಿಗೆ ಗಾತ್ರದ ದೃಷ್ಟಿಯಿಂದ ಇದು ಏನೂ ಅನಿಸದಿರಬಹುದು. ಬೆಂಗಳೂರಿನಲ್ಲೂ ಮನೆತೋಟ, ಕುಂಡದ ಗಿಡ, ಇಕೆಬಾನ, ತರಕಾರಿ ಕೆತ್ತನೆಗಳಿಗೆ ಸ್ಪರ್ಧೆಗಳು ನಡೆಯುತ್ತವೆ, ಆದರೆ ಗಾಜಿನ ಮನೆಯ ನಡುವಿನ ಹೂವಿನ ಮಹಾಕೃತಿಯನ್ನು ನೋಡಲು ಬರುವ ಜನಸಾಗರದಲ್ಲಿ ಸ್ಪರ್ಧಿಗಳು ಬೆರಳೆಣಿಕೆಯಷ್ಟು. ಈ ಹಳ್ಳಿಯಲ್ಲಿ ಟೆಂಟಿನೊಳಗೆ ನಡೆದಾಡುವವರಲ್ಲಿ ಅರ್ಧದಷ್ಟು ಜನರ ತಟ್ಟೆಯೋ ಜಾಡಿಯೋ ಮೇಜಿನ ಮೇಲೆ ಇದ್ದೇ ಇರುತ್ತದೆ, ಹಾಗಾಗಿ ಪಕ್ಕದಲ್ಲಿ ನಿಂತವರೊಡನೆ ಮಾತು ತಾನಾಗಿ ಹುಟ್ಟಿಕೊಳ್ಳುತ್ತದೆ. ನಾಲ್ಕೂವರೆಗೆ ಬಹುಮಾನ ವಿತರಣೆ, ಆಮೇಲೆ ಬಿಟ್ಟುಹೋದ ತರಕಾರಿ, ಕೇಕ್, ಜಾಡಿಗಳ ಹರಾಜು. ಹರಾಜಿನ ಹಣ ಹಳ್ಳಿಯ ಸಭಾಭವನದ ನಿರ್ವಹಣೆಗೆ ಹೋಗುತ್ತದೆ. ನನ್ನ ಖಾರದ ರೂಬಾರ್ಬ್ ಚಟ್ನಿ ಅಲ್ಲಿ ಮೊದಲ ಬಹುಮಾನದ ಜಾಡಿಗಿಂತ ಹೆಚ್ಚಿನ ಬೆಲೆಗೆ ಹೋಯಿತೆಂಬುದನ್ನು ದಾಖಲಿಸಲು ಈ ವಿಮರ್ಶೆಯಲ್ಲಿ ಒಂದು ಸಾಲು ಬಳಸಿಕೊಳ್ಳುತ್ತೇನೆ.

ಮುಂದಿನ ಬೇಸಿಗೆಗೆ ಮನಸ್ಸು ಮಾಡುವವರು ಕ್ಯಾಲೆಂಡರನ್ನು ಈಗಲೇ ನೋಡಿಕೊಳ್ಳಬೇಕು. ದೊಡ್ಡ ಈರುಳ್ಳಿಯ ಬೀಜವನ್ನು ಇಲ್ಲಿನ ಪಳಗಿದ ಕೈಗಳು ಕ್ರಿಸ್‌ಮಸ್ ಮರುದಿನವೇ ಬೆಚ್ಚನೆಯ ಜಾಗದಲ್ಲಿ ಬಿತ್ತುತ್ತವೆ, ಶ್ಯಾಲಟ್ ಅನ್ನು ವರ್ಷದ ಅತಿ ಚಿಕ್ಕ ಹಗಲಿನಂದು ನೆಡುವ ಸಂಪ್ರದಾಯವೂ ಇದೆ. ಅಷ್ಟು ಮುಂಚೆ ಏಳಲಾಗದವರು ಮೆಣಸಿನಕಾಯಿಯನ್ನು ಫೆಬ್ರವರಿಯಲ್ಲಿ ಕಿಟಕಿಯ ಅಂಚಿನಲ್ಲಿ ಬಿತ್ತಬಹುದು, ಹಿಮ ಬೀಳುವ ಭಯ ಕಳೆದ ಮೇಲೆ ಮೇ ಕೊನೆಯಲ್ಲಿ ರನ್ನರ್ ಬೀನ್ಸ್ ಸಸಿಗಳನ್ನು ನೆಲಕ್ಕಿಳಿಸಬಹುದು. ಕಸೂತಿಗೆ ಋತುವಿಲ್ಲ, ಆದರೆ ಪ್ರವೇಶಪತ್ರ ಸಲ್ಲಿಸುವ ಗಡುವು ಅನೇಕ ಹಳ್ಳಿಗಳಲ್ಲಿ ಪ್ರದರ್ಶನಕ್ಕೆ ಎರಡು ಮೂರು ದಿನ ಮೊದಲೇ ಮುಗಿಯುತ್ತದೆ.